ಹಳ್ಳಿ ಇಗರ್ಜಿಯ ಒಂದು ವರ್ಷ: ಯಾವ ಕೆಲಸ ಯಾವಾಗ, ಹೇಗೆ?

ಕರಾವಳಿಯ ಹಳ್ಳಿಗಳಲ್ಲಿ ಇಗರ್ಜಿ, ಅಂದರೆ ಚರ್ಚು, ನಡೆಯುವುದು ಎರಡು ಲೆಕ್ಕದ ಮೇಲೆ. ಒಂದು ಹಬ್ಬಗಳ ಲೆಕ್ಕ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಮಳೆಯ ಲೆಕ್ಕ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ, ಮರದ ಪಕ್ಕಾಸು (ಹಂಚು ಹೊರುವ ಓರೆ ತೊಲೆ), ಹಂಚಿನ ಮಾಡು (ಚಾವಣಿ) ಇರುವ ಹಳೆಯ ಕಟ್ಟಡ ಅಷ್ಟೂ ನೀರನ್ನು ತಡೆದುಕೊಳ್ಳಬೇಕು. ಚರ್ಚಿನ ಆಡಳಿತ ನೋಡಿಕೊಳ್ಳುವ ಪಾಲನಾ ಮಂಡಳಿಗೆ ಹೊಸದಾಗಿ ಬಂದವರು ಹಬ್ಬದ ತಯಾರಿಯಲ್ಲೇ ಮುಳುಗಿಬಿಡುತ್ತಾರೆ. ನನ್ನ ಮಾತು ಇಷ್ಟೇ: ಮೊದಲು ಮಳೆಯ ಲೆಕ್ಕ ಹಿಡಿಯಿರಿ.

ಏಪ್ರಿಲ್: ಮಾಡಿನ ಕೆಲಸ

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವತ್ತಾದರೂ ಬರಬಹುದು. ತಡವಾಗಿ ಬರುವ ವರ್ಷ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಅಷ್ಟು ಹೊತ್ತಿಗೆ ಗುಡುಗು ಮಳೆ ಶುರುವಾಗಿರುತ್ತದೆ.

ಮಾಡು ಹತ್ತುವ ಮೊದಲು ಒಳಗಿನಿಂದ ನೋಡಿ. ಬಿರುಬಿಸಿಲಿನ ಮಧ್ಯಾಹ್ನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಲೈಟ್ ಆರಿಸಿ, ತಲೆ ಎತ್ತಿ ನಿಧಾನಕ್ಕೆ ನಡೆಯಿರಿ. ಬೆಳಕಿನ ಚುಕ್ಕಿ ಕಂಡ ಕಡೆ ಹಂಚು ಜಾರಿದೆ ಅಥವಾ ಸೀಳಿದೆ. ಬೆಂಚಿನ ಸಾಲು ಲೆಕ್ಕ ಹಾಕಿ ಜಾಗ ಬರೆದುಕೊಳ್ಳಿ. ಹೀಗೆ ಮಾಡಿದರೆ ಕೆಲಸದವರು ಸುಮ್ನೆ ಇಡೀ ಮಾಡು ತುಳಿಯುವುದು ತಪ್ಪುತ್ತದೆ. ಎಷ್ಟೋ ಕಡೆ ರಿಪೇರಿಗೆ ಹತ್ತಿದವರ ಕಾಲಿಗೇ ನಾಲ್ಕು ಹಂಚು ಒಡೆಯುತ್ತದೆ.

ತೆಗೆದ ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಗಟ್ಟಿ ಹಂಚು ಟಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಬೊದ್ದಾಗಿ ಕೇಳುತ್ತದೆ. ಬದಲಿ ಹಂಚು ಹುಡುಕುವುದೇ ಈಗ ದೊಡ್ಡ ತಲೆನೋವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅದಾದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಇನ್ನೂ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದೊಂದರ ಅಚ್ಚೂ ಬೇರೆ. ಒಂದರ ಹಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ, ಅದನ್ನು ಓದಿ ಅದನ್ನೇ ಹುಡುಕಿ. ಕಾರ್ಖಾನೆಗಳು ಹೆಚ್ಚಿನವು ಮುಚ್ಚಿವೆ. ಹಾಗಾಗಿ ಊರಿನಲ್ಲಿ ಯಾರಾದರೂ ಹಳೆ ಮನೆ ಕೆಡವಿದರೆ ಗುರಿಕಾರರ (ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖಂಡರ) ಮೂಲಕ ವಿಚಾರಿಸಿ, ಹೊಂದುವ ಹಂಚನ್ನು ತಂದು ಇಗರ್ಜಿಯ ಹಿಂದೆ ಪೇರಿಸಿಡಿ.

ಹಂಚಿಗಿಂತ ಮುಖ್ಯ ಅದರ ಕೆಳಗಿನ ಮರ. ಪಕ್ಕಾಸಿನ ತುದಿ ಗೋಡೆಗೆ ಕೂರುವ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆಚಾರಿಯನ್ನು ಕರೆಸಲೇಬೇಕು. ಎರಡು ಮಾಡು ಸೇರುವ ಮೂಲೆಯ ತಗಡು, ನೀರು ಇಳಿಯುವ ದಂಬೆ, ಅದರೊಳಗಿನ ಒಣಗಿದ ಎಲೆ, ಎಲ್ಲವನ್ನೂ ಮೇ ಮೊದಲ ವಾರದೊಳಗೆ ಮುಗಿಸಿ. ಹಂಚು ತೆಗೆದು ಶೀಟ್ ಹಾಕಿಬಿಡೋಣ ಅನ್ನುವ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ನಾನು ಒಪ್ಪುವುದಿಲ್ಲ. ಬಿಸಿಲಲ್ಲಿ ಒಳಗೆ ಕೂರಲು ಆಗದು, ಮಳೆಯಲ್ಲಿ ಪ್ರವಚನ ಕೇಳಿಸದು.

ಮೇ: ಸಿಡಿಲು ಮತ್ತು ವಯರಿಂಗ್

ಊರಿನಲ್ಲಿ ಎತ್ತರದ ಕಟ್ಟಡ ಅಂದರೆ ಗಂಟೆಗೋಪುರವೇ. ಮಿಂಚುಬಂಧಕದ ತಾಮ್ರದ ಪಟ್ಟಿ ಮೇಲಿಂದ ನೆಲದವರೆಗೆ ಎಲ್ಲೂ ತುಂಡಾಗದೆ ಇದೆಯಾ ನೋಡಿ. ಕಳ್ಳರು ಕತ್ತರಿಸಿಕೊಂಡು ಹೋಗುವುದೂ ಉಂಟು. ಅರ್ತಿಂಗ್ ಅನ್ನು ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ಅಳೆಯಲಿ, 10 ಓಮ್‌ನ ಒಳಗಿರಬೇಕು. ಮಾಡಿನಡಿಯ ವಯರ್ ಇಲಿ ಕಡಿದಿದೆಯಾ ಅನ್ನುವುದನ್ನೂ ಅದೇ ದಿನ ನೋಡಿಸಿಬಿಡಿ.

ಮಳೆಗಾಲ: ದಾಖಲೆ ಪುಸ್ತಕಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಕೆಲಸ ಇಲ್ಲ. ಕಚೇರಿಯ ಕಪಾಟು ತೆರೆಯಲು ಇದೇ ಸಮಯ. ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಪ್ರತಿ ಚರ್ಚೂ ಇಡಬೇಕು ಅಂತ 1983ರ ಧರ್ಮಸಭೆಯ ಕಾನೂನು ಸಂಹಿತೆಯೇ ಹೇಳುತ್ತದೆ. ಒಬ್ಬರ ಮದುವೆ ಬೇರೆ ಊರಿನಲ್ಲಿ ನಡೆದರೂ, ಅದನ್ನು ಅವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಬರೆಯಬೇಕು. ಬೇರೆ ಚರ್ಚಿನಿಂದ ಬಂದ ಆ ಚೀಟಿಗಳು ಎಷ್ಟೋ ಸಲ ಡ್ರಾಯರ್‌ನಲ್ಲೇ ಉಳಿದಿರುತ್ತವೆ. ಫಾದರ್ ಜೊತೆ ಕೂತು ಒಂದೊಂದಾಗಿ ಬರೆಸಿ. ಕಪಾಟು ಗೋಡೆಗೆ ತಾಗಿರಬಾರದು, ಗೆದ್ದಲು ಗೋಡೆಯಿಂದಲೇ ಹತ್ತುತ್ತದೆ. ಹಳೆ ಪುಸ್ತಕಗಳ ಪುಟಗಳನ್ನು ಫೋಟೊ ತೆಗೆದು ಎರಡು ಕಡೆ ಉಳಿಸಿಡಿ.

ಸೆಪ್ಟೆಂಬರ್: ತೆನೆ ಹಬ್ಬ

ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಜನ್ಮದಿನ. ನಮ್ಮಲ್ಲಿ ಅದೇ ಮೊಂತಿ ಫೆಸ್ತ್. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಇದು ಶುರುವಾಯಿತು ಎಂಬ ಮಾತಿದೆ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ.

ಈ ಹಬ್ಬಕ್ಕೆ ತಯಾರಿ ಜೂನ್‌ನಲ್ಲೇ ಆಗಬೇಕು. ಯಾಕೆಂದರೆ ಬೇಕಿರುವುದು ಹೊಸ ಭತ್ತದ ತೆನೆ, ಮತ್ತು ಗದ್ದೆಗಳು ವರ್ಷ ವರ್ಷಕ್ಕೂ ಅಡಿಕೆ ತೋಟವಾಗುತ್ತಿವೆ. ಗದ್ದೆ ಉಳಿಸಿಕೊಂಡವರನ್ನು ಬಿತ್ತನೆಗೆ ಮೊದಲೇ ಮಾತಾಡಿಸಿ, ಬೇಗ ತೆನೆ ಬಿಡುವ ತಳಿಯನ್ನು ಒಂದು ಮೂಲೆಗಾದರೂ ಹಾಕಲು ಕೇಳಿ. ಅವರು ಯಾವ ಧರ್ಮದವರಾದರೂ ಸರಿ, ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಪ್ರತಿ ಮನೆಗೂ ಒಂದು ಹಿಡಿ ತೆನೆ ಹೋಗಬೇಕು. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಾರೆ. ಆವತ್ತು ಮೀನಿಲ್ಲ, ಮಾಂಸವಿಲ್ಲ. ಹಾಗಾಗಿ ವಾಳೆಗೊಂದರಂತೆ ಕುಟುಂಬಗಳ ಪಟ್ಟಿ ಗುರಿಕಾರರಿಂದ ಮೊದಲೇ ತರಿಸಿ. ತೆನೆ ಸಿಗದೆ ಬರಿಗೈಲಿ ಮನೆಗೆ ಹೋಗುವವರ ಮುಖ ನೋಡಲಾಗದು. ಹೂ ತಂದ ಮಕ್ಕಳಿಗೆ ಕೊಡುವ ಕಬ್ಬನ್ನು ಆಗಸ್ಟ್‌ನಲ್ಲೇ ಹೇಳಿಬಿಡಿ.

ಅಕ್ಟೋಬರ್, ನವೆಂಬರ್: ಹುಲ್ಲು ಮತ್ತು ಸುಣ್ಣ

ನವೆಂಬರ್ 2 ಸಕಲ ಮೃತರ ದಿನ. ಅದಕ್ಕೆ ಮೊದಲು ಸ್ಮಶಾನದ ಹುಲ್ಲು ತೆಗೆಯಬೇಕು. ವಾಳೆಗೊಂದು ಭಾಗ ಹಂಚಿ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕತ್ತಿ ಹಿಡಿದು ಇಳಿದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನೋಡಿಕೊಳ್ಳುವವರು ಯಾರೂ ಇಲ್ಲದ ಸಮಾಧಿಗಳನ್ನು ಬಿಡಬೇಡಿ.

ಆಮೇಲೆ ಗೋಡೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದ ನೀರು ಹೊರಗೆ ಬರಲು ದಾರಿ ಬೇಕು. ಪ್ಲಾಸ್ಟಿಕ್ ಪೇಂಟ್ ಆ ದಾರಿ ಮುಚ್ಚುತ್ತದೆ, ಎರಡನೇ ಮಳೆಗೆ ಗುಳ್ಳೆ ಎದ್ದು ಗಾರೆಯ ಸಮೇತ ಉದುರುತ್ತದೆ. ಸುಣ್ಣವೇ ಸರಿ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸುಣ್ಣದ ಕಲ್ಲು. ಕುದಿಯುವಾಗ ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೆಲವು ದಿನ ನೆನೆಯಲು ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಸೇರಿಸಿ. ಗೋಡೆಯ ಪಾಚಿ ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿ, ನೀರು ಚಿಮುಕಿಸಿ, ತೆಳ್ಳಗೆ ಬಳಿಯಿರಿ. ಮೊದಲ ಕೋಟು ಒದ್ದೆಯಲ್ಲಿ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪ ಬಳಿದರೆ ಪದರ ಏಳುತ್ತದೆ. ತೆಳ್ಳಗೆ ಮೂರು ಕೋಟು ಸಾಕು.

ಡಿಸೆಂಬರ್, ಜನವರಿ: ಕ್ರಿಸ್‌ಮಸ್ ಮತ್ತು ಸಾಂತ್ ಮಾರಿ

ಕ್ರಿಸ್‌ಮಸ್ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಯುವಕರಿಗೆ ಬಿಡಿ, ಚೆನ್ನಾಗಿಯೇ ಮಾಡುತ್ತಾರೆ. ಹುಲ್ಲಿನ ಹತ್ತಿರ ಮೇಣದ ಬತ್ತಿ ಬೇಡ ಅಂತ ಮಾತ್ರ ಹೇಳಿ.

ಸಾಂತ್ ಮಾರಿ, ಅಂದರೆ ಇಗರ್ಜಿಯ ವಾರ್ಷಿಕ ಹಬ್ಬವನ್ನು ಮಳೆ ಬಿಟ್ಟ ತಿಂಗಳುಗಳಲ್ಲಿ ಇಟ್ಟುಕೊಳ್ಳುವುದು ನಮ್ಮ ರೂಢಿ. ಸಂತ ಲಾರೆನ್ಸರ ದಿನ ಆಗಸ್ಟ್ 10 ಆದರೂ ಕಾರ್ಕಳದ ಅತ್ತೂರಿನ ದೊಡ್ಡ ಜಾತ್ರೆ ಜನವರಿಯಲ್ಲಿ. ನಿಮ್ಮಲ್ಲಿ ಹೊರಗೆ ಮೈಕ್ ಹಾಕುವುದಿದ್ದರೆ ಪೊಲೀಸರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇದೆ. ದೀಪಾಲಂಕಾರಕ್ಕೆ ಹಣ ಹರಿದು ಬರುತ್ತದೆ, ಹಂಚಿಗೆ ಬರುವುದಿಲ್ಲ. ಹಬ್ಬದ ಕಾಣಿಕೆಯಲ್ಲಿ ಒಂದು ಪಾಲು ದುರಸ್ತಿ ನಿಧಿಗೆ ಅಂತ ಸಭೆಯಲ್ಲಿ ಮೊದಲೇ ಬರೆಸಿಬಿಡಿ.

ಫೆಬ್ರವರಿ, ಮಾರ್ಚ್: ಬೂದಿ, ಗರಿ, ಲೆಕ್ಕ

ಕಳೆದ ವರ್ಷದ ಗರಿಗಳ ಭಾನುವಾರ (ಈಸ್ಟರ್‌ನ ಹಿಂದಿನ ಭಾನುವಾರ) ಆಶೀರ್ವದಿಸಿದ ತೆಂಗಿನ ಗರಿಗಳು ಮನೆಮನೆಯಲ್ಲಿ ಶಿಲುಬೆಯ ಹಿಂದೆ ಒಣಗಿರುತ್ತವೆ. ಬೂದಿ ಬುಧವಾರ ಎಲ್ಲರ ಹಣೆಗೆ ಹಚ್ಚುವ ಬೂದಿ ಇವುಗಳದ್ದೇ, ಅದರ ಹಿಂದಿನ ಭಾನುವಾರ ಅವನ್ನು ತರಿಸಿ. ಕಬ್ಬಿಣದ ಬಾಣಲೆಯಲ್ಲಿ ಪೂರ್ತಿ ಸುಟ್ಟು, ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ತರಿ ಉಳಿದರೆ ಹಣೆಗೆ ಚುಚ್ಚುತ್ತದೆ. ಈಸ್ಟರ್‌ಗೆ ಹಚ್ಚುವ ದೊಡ್ಡ ಪಾಸ್ಕ ಮೇಣದ ಬತ್ತಿಗೆ ಈಗಲೇ ಹೇಳಿ. ಅದರ ಮೇಲೆ ಆ ವರ್ಷದ ಅಂಕಿ ಇರಬೇಕು, ಹಳೆಯದು ನಡೆಯುವುದಿಲ್ಲ.

ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪೌರರಾಗಿದ್ದು, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾನೂನು ಬರುತ್ತದೆ. ನೋಂದಣಿ ಇಲ್ಲದೆ ಆ ಹಣ ಮುಟ್ಟಬೇಡಿ. ಹಾಗಾಗಿ ರಸೀದಿ ಬರೆಯುವಾಗಲೇ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ, ಸಂಕೋಚ ಬೇಡ. ವರ್ಷದ ಲೆಕ್ಕ ಹಣಕಾಸು ಸಮಿತಿಯ ಸಹಿಯೊಂದಿಗೆ ಬಿಷಪ್ ಕಚೇರಿಗೆ ಹೋಗುತ್ತದೆ. ಅದರದ್ದೇ ಒಂದು ಪ್ರತಿಯನ್ನು ಭಾನುವಾರ ಜನರ ಮುಂದೆ ಓದಿ, ನೋಟಿಸ್ ಬೋರ್ಡಿಗೂ ಹಾಕಿ. ಹತ್ತು ರೂಪಾಯಿ ಕಾಣಿಕೆ ಹಾಕಿದ ಅಜ್ಜಿಗೂ ಅದನ್ನು ನೋಡುವ ಹಕ್ಕಿದೆ, ಅಲ್ವಾ?