ಗಂಜಿನ ಲೆಕ್ಕ ಪೆನ್‌ಡ್ರೈವ್‌ಗೆ: ಲಿನಕ್ಸ್ ಟರ್ಮಿನಲ್‌ನಲ್ಲಿ ದಿನದ ಬ್ಯಾಕಪ್

ರಾಯಚೂರು ಗಂಜಿನ (ಕೃಷಿ ಮಾರುಕಟ್ಟೆಯ) ಅಡತಿ ಅಂಗಡಿಯೊಂದರ ಹತ್ತಿ ಪಟ್ಟಿಗಳೆಲ್ಲ ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಹಳೇ ಕಂಪ್ಯೂಟರಿನಲ್ಲಿವೆ ಅಂದುಕೊಳ್ಳಿ. ಸಂಜೆ ಬಾಗಿಲು ಹಾಕುವ ಮುಂಚೆ ಅವನ್ನು ಪೆನ್‌ಡ್ರೈವ್‌ಗೆ ಇಳಿಸಬೇಕು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರವೇ ಬೇಕು.

ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. 'ಎಲ್‌ಎಸ್ -ಎಲ್‌ಎಚ್' ಕೊಟ್ಟರೆ ಫೈಲುಗಳು, ಅವುಗಳ ಗಾತ್ರ ಕಾಣುತ್ತವೆ. ಫೋಲ್ಡರ್ ಬದಲಿಸಲು 'ಸಿಡಿ'. ಹೆಸರನ್ನು ಪೂರ್ತಿ ಟೈಪ್ ಮಾಡುವ ಕಷ್ಟ ಬೇಡ, ಮೊದಲೆರಡು ಅಕ್ಷರ ಹಾಕಿ ಟ್ಯಾಬ್ ಒತ್ತಿ. ಹೆಸರಿನ ನಡುವೆ ಸ್ಪೇಸ್ ಇದ್ದರೂ ಅದೇ ಸರಿಮಾಡಿಕೊಳ್ಳುತ್ತದೆ. ಪೆನ್‌ಡ್ರೈವ್ ಎಲ್ಲಿ ಕೂತಿದೆ ಎಂಬುದನ್ನು 'ಎಲ್‌ಎಸ್‌ಬಿಎಲ್‌ಕೆ' ತೋರಿಸುತ್ತದೆ, ಎಷ್ಟು ಜಾಗ ಉಳಿದಿದೆ ಎಂಬುದನ್ನು 'ಡಿಎಫ್ -ಎಚ್'.

ಈಗ ಮುಖ್ಯ ಕೆಲಸ:

ಆರ್‌ಎಸ್‌ವೈಎನ್‌ಸಿ -ಆರ್‌ಟಿವಿ --ಮಾಡಿಫೈ-ವಿಂಡೋ=1 ಪಟ್ಟಿ/ /ಮೀಡಿಯಾ/ಅಂಗಡಿ/ಪೆನ್/ಪಟ್ಟಿ/

ಇಲ್ಲಿ 'ಪಟ್ಟಿ' ಫೈಲುಗಳಿರುವ ಫೋಲ್ಡರ್, 'ಅಂಗಡಿ' ಕಂಪ್ಯೂಟರಿನ ಬಳಕೆದಾರನ ಹೆಸರು, 'ಪೆನ್' ಪೆನ್‌ಡ್ರೈವಿನ ಹೆಸರು; ನಿಮ್ಮವನ್ನು ಹಾಕಿಕೊಳ್ಳಿ. ಹೊಸದು ಮತ್ತು ಬದಲಾದದ್ದು ಮಾತ್ರ ಹೋಗುತ್ತವೆ. ಮೊದಲ 'ಪಟ್ಟಿ/' ಎಂಬುದರ ಕೊನೆಯ ಓರೆಗೆರೆ ಬಿಟ್ಟರೆ ಪೆನ್‌ಡ್ರೈವಿನಲ್ಲಿ ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಹುಟ್ಟುತ್ತದೆ. ಅನುಮಾನವಿದ್ದರೆ ಮೊದಲು -ಎನ್ ಸೇರಿಸಿ ನೋಡಿ: ಏನು ಹೋಗಲಿದೆ ಎಂದು ಹೇಳುತ್ತದೆ, ಏನನ್ನೂ ಬರೆಯುವುದಿಲ್ಲ. ಮಾಡಿಫೈ-ವಿಂಡೋ ಏಕೆಂದರೆ, ಫ್ಯಾಟ್32 ಎಂಬ ಕಡತ ವ್ಯವಸ್ಥೆಯ ಪೆನ್‌ಡ್ರೈವ್ ಫೈಲಿನ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಈ ಆಯ್ಕೆ ಇಲ್ಲದಿದ್ದರೆ ಬದಲಾಗದ ಎಷ್ಟೋ ಫೈಲುಗಳೂ ದಿನಾ ಮತ್ತೆ ಕಾಪಿ ಆಗುತ್ತವೆ. 4 ಜಿಬಿ ಮೀರಿದ ಫೈಲನ್ನಂತೂ ಫ್ಯಾಟ್32 ಒಪ್ಪುವುದೇ ಇಲ್ಲ.

ಕಾಪಿ ಮುಗಿಯಿತೆಂದು ಕೂಡಲೇ ಪೆನ್‌ಡ್ರೈವ್ ಕಿತ್ತರೆ ಕೆಟ್ಟಿತು. ಲಿನಕ್ಸ್ ಬರೆಯಬೇಕಾದದ್ದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ನಿಧಾನಕ್ಕೆ ಕೆಳಗಿಳಿಸುತ್ತದೆ; ಪರದೆಯ ಮೇಲೆ ಮುಗಿದಂತೆ ಕಂಡರೂ ಒಳಗೆ ಮುಗಿದಿರುವುದಿಲ್ಲ. 'ಎಸ್‌ವೈಎನ್‌ಸಿ' ಕೊಟ್ಟು, ಕರ್ಸರ್ ಮರಳಿ ಬರುವವರೆಗೆ ಕಾಯಿರಿ. ಆಮೇಲೆ ಪೆನ್‌ಡ್ರೈವ್ ಬಿಡಿಸಲು:

ಯುಎಂಒಯುಎನ್‌ಟಿ /ಮೀಡಿಯಾ/ಅಂಗಡಿ/ಪೆನ್

ಯು ಆದ ಮೇಲೆ ನೇರ ಎಂ, ನಡುವೆ ಎನ್ ಇಲ್ಲ. 'ಟಾರ್ಗೆಟ್ ಈಸ್ ಬ್ಯುಸಿ' ಎಂದರೆ ಪೆನ್‌ಡ್ರೈವಿನ ಫೈಲೊಂದು ತೆರೆದಿದೆ, ಇಲ್ಲವೇ ನಿಮ್ಮ ಟರ್ಮಿನಲ್ಲೇ ಅದರೊಳಗೆ ನಿಂತಿದೆ. ಬರೀ 'ಸಿಡಿ' ಎಂದು ಎಂಟರ್ ಒತ್ತಿ ಹೊರಗೆ ಬನ್ನಿ.

ನಡುವೆ ಕರೆಂಟ್ ಹೋಯಿತೆ? ಬಂದ ಮೇಲೆ ಅದೇ ಸಾಲಿಗೆ -ಸಿ ಸೇರಿಸಿ ಓಡಿಸಿ. ಬರೀ ಗಾತ್ರ, ಸಮಯ ನೋಡುವ ಬದಲು ಫೈಲಿನ ಒಳಗನ್ನೇ ತಾಳೆ ಹಾಕುತ್ತದೆ. ತಡವಾಗುತ್ತದೆ, ಆಗಲಿ.

ಹಳೇ ಲೆಕ್ಕ ಹುಡುಕಲು:

ಜಿಆರ್‌ಇಪಿ -ಆರ್ "ಸಿಂಧನೂರು" ಪಟ್ಟಿ/

ಈ ಊರ ಹೆಸರನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಬಹುದು. ಸಿಎಸ್‌ವಿ ಮತ್ತು ಟೆಕ್ಸ್ಟ್ ಫೈಲಿನಲ್ಲಿದ್ದರೆ ಸಿಗುತ್ತದೆ. ಎಕ್ಸೆಲ್ (ಎಕ್ಸ್‌ಎಲ್‌ಎಸ್‌ಎಕ್ಸ್) ಫೈಲಿನಲ್ಲಿ ಸಿಗದು, ಅದು ಒಳಗೆ ಜಿಪ್ ಮಾಡಿದ ಗಂಟು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೂ ಸಿಗದು: ಕಣ್ಣಿಗೆ ಕನ್ನಡವಾದರೂ ಫೈಲಿನಲ್ಲಿ ಕೂತಿರುವುದು ಇಂಗ್ಲಿಷ್ ಚಿಹ್ನೆಗಳು. ಅಂಥವನ್ನು ಒಮ್ಮೆ ಯೂನಿಕೋಡ್‌ಗೆ ಬದಲಿಸಿಕೊಂಡೇ ಹುಡುಕಬೇಕು.