ಟ್ರೈಪಾಡ್ ಮೇಲಿದ್ದರೂ ಫೋಟೋ ಮಸುಕಾಗುತ್ತಿತ್ತು

ಬೀದರ್‌ನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಉಳಿದಿರುವ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಇವೆ. ಸಂಜೆ ಬೆಳಕಿನಲ್ಲಿ ಅವುಗಳ ಅಂಚು ಚೂಪಾಗಿ ಬರಲಿ ಅಂತ ಕ್ಯಾಮೆರಾವನ್ನು ಟ್ರೈಪಾಡ್‌ಗೆ ಹಾಕಿ, ಶಟರ್ ಒಂದು ಸೆಕೆಂಡ್ ತೆರೆದಿರುವಂತೆ ಇಟ್ಟೆ. ಫೋಟೋ ಮಸುಕು. ಮೊದಲು ಗಾಳಿಯ ಮೇಲೆ ಅನುಮಾನ. ಟ್ರೈಪಾಡ್‌ಗೆ ಬ್ಯಾಗ್ ನೇತುಹಾಕಿದೆ, 2 ಸೆಕೆಂಡ್ ಟೈಮರ್ ಹಾಕಿದೆ. ಊಹೂಂ.

ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿದಾಗ ವಿಷಯ ಸಿಕ್ಕಿತು. ಯಾರೂ ಮುಟ್ಟದಿದ್ದರೂ ಚಿತ್ರ ಮೆಲ್ಲಗೆ ಜಾರುತ್ತಿತ್ತು! ಲೆನ್ಸ್ ಪಕ್ಕದ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಸ್ವಿಚ್ ಆಫ್ ಮಾಡಿದೆ, ನಿಂತಿತು.

ಒಳಗಿನ ಗೈರೋ ಸೆನ್ಸರ್ ಕೈ ನಡುಕವನ್ನು ಹುಡುಕುತ್ತದೆ. ನಡುಕವೇ ಇಲ್ಲದಾಗ ತನ್ನದೇ ಸಂಕೇತದ ಸಣ್ಣ ಏರಿಳಿತವನ್ನು ಅಲುಗಾಟ ಅಂದುಕೊಂಡು ಲೆನ್ಸಿನ ಗಾಜನ್ನು ಸುಮ್ನೆ ಸರಿಸಬಹುದು. ಹೊಸ ಲೆನ್ಸ್‌ಗಳಲ್ಲಿ ಎಷ್ಟೋ ಟ್ರೈಪಾಡ್ ಗುರುತಿಸಿ ತಾವೇ ಸುಮ್ಮನಾಗುತ್ತವೆ. ಹಳೆಯದಾದರೆ ಆಫ್ ಮಾಡೋದೇ ಒಳ್ಳೇದು.

ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಕಥೆ ಬೇರೆ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಜನಜಂಗುಳಿಯಲ್ಲಿ ಟ್ರೈಪಾಡ್ ಬಿಚ್ಚೋಕೆ ಜಾಗ ಎಲ್ಲಿ? ಅದರ ಒಂಟಿ ಕಾಲು, ಮೇಲಕ್ಕೂ ಕೆಳಕ್ಕೂ ಆಗುವ ಅಲುಗಾಟ ತಡೆಯುತ್ತದೆ, ಆದರೆ ಅಕ್ಕಪಕ್ಕ ವಾಲುವುದು ಇದ್ದೇ ಇರುತ್ತದೆ. ಅಲ್ಲಿ ಸ್ಟೆಬಿಲೈಸೇಷನ್ ಆನ್ ಇರಲಿ. ಸಾಗುವ ತೇರಿನ ಜೊತೆ ಕ್ಯಾಮೆರಾ ತಿರುಗಿಸುವುದಾದರೆ ಪ್ಯಾನಿಂಗ್ ಮೋಡ್. ಕ್ಯಾನನ್ ಲೆನ್ಸ್‌ಗಳಲ್ಲಿ ಇದೇ ಮೋಡ್ 2.

ಜನ ಓಡಾಡುತ್ತಿದ್ದರೆ ಅವರ ಮಸುಕಿಗೆ ಇದು ಯಾವುದೂ ಮದ್ದಲ್ಲ, ಶಟರ್ ವೇಗವನ್ನೇ ಏರಿಸಬೇಕು.