ಮುಕ್ತ ವ್ಯಾಪಾರ ಒಪ್ಪಂದ ನಿಮ್ಮ ಪಾಳಿಗೆ ತಟ್ಟುತ್ತದೆಯೇ? ನೋಡಿಕೊಳ್ಳುವ ಬಗೆ

ಹುಬ್ಬಳ್ಳಿ–ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಾಹನದ ಬಿಡಿಭಾಗ ಮಾಡುವವರು ‘ವಿದೇಶಿ ಕಾರು ಅಗ್ಗವಾಯಿತು’ ಎಂಬ ಸುದ್ದಿಗೇ ಹೆದರಬೇಕಿಲ್ಲ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದದಲ್ಲಿ (ದೇಶಗಳು ಪರಸ್ಪರ ಆಮದು ಸುಂಕ ಇಳಿಸುವ ಒಪ್ಪಂದ) ಶೇ 100ಕ್ಕೂ ಮೇಲಿದ್ದ ಕಾರಿನ ಸುಂಕ ಶೇ 10ಕ್ಕೆ ಇಳಿಯುವುದು ಕೋಟಾದೊಳಗೆ, ಅಂದರೆ ನಿಗದಿತ ಸಂಖ್ಯೆಯ ಕಾರುಗಳಿಗಷ್ಟೇ, ಅದೂ ಹಂತಹಂತವಾಗಿ. ನಿಮಗೆ ಏಟು ಬೀಳುವುದಿದ್ದರೆ ಹೆಚ್ಚಾಗಿ ಬಿಡಿಭಾಗದ ದಾರಿಯಿಂದಲೇ.

ಮೊದಲು ನೀವು ಮಾಡುವ ಭಾಗದ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆ, ಸುಂಕಕ್ಕಾಗಿ ಪ್ರತಿ ಬಗೆಯ ಸರಕಿಗೂ ಇರುವ ಗುರುತಿನ ಸಂಖ್ಯೆ) ಹುಡುಕಿ. ಮಾಲಿನ ಜೊತೆ ಹೋಗುವ ಇನ್‌ವಾಯ್ಸಿನಲ್ಲಿ ಅದು ಇರುತ್ತದೆ. ಬ್ರೇಕ್, ಗೇರ್‌ಬಾಕ್ಸ್, ಆಕ್ಸಲ್ 8708ರಲ್ಲಿ ಬರುತ್ತವೆ. ಆದರೆ ಪಿಸ್ಟನ್ 8409, ಬಾಲ್, ರೋಲರ್ ಬೇರಿಂಗ್ 8482, ವೈರಿಂಗ್ ಹಾರ್ನೆಸ್ 8544. ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು. ಆ ಸಂಖ್ಯೆಯನ್ನು ಒಪ್ಪಂದದ ಸುಂಕ ಪಟ್ಟಿಯಲ್ಲಿ ನೋಡಿ: ಸುಂಕ ತಕ್ಷಣ ಹೋಗುತ್ತದೋ, ವರ್ಷಗಳಲ್ಲಿ ಇಳಿಯುತ್ತದೋ, ಪಟ್ಟಿಯಿಂದಲೇ ಹೊರಗಿದೆಯೋ.

ಆಮೇಲೆ ಮೂಲದ ನಿಯಮ, ಅಂದರೆ ಮಾಲು ಯಾವ ದೇಶದ್ದೆಂದು ತೀರ್ಮಾನಿಸುವ ನಿಯಮ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಲ್ಲಿ ಸಾಮಾನ್ಯವಾಗಿ ಮೌಲ್ಯದ ಶೇ 35 ಒಪ್ಪಂದದ ದೇಶಗಳಲ್ಲೇ ಸೇರಿರಬೇಕು. ಇಲ್ಲದಿದ್ದರೆ ರಿಯಾಯಿತಿ ಇಲ್ಲ. ಭಾರತ ಸೇರದ ಒಪ್ಪಂದವೂ ನಮ್ಮ ಆರ್ಡರ್ ಕಸಿಯಬಹುದು. ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದದಲ್ಲಿ ಕಾರಿನ ಮೌಲ್ಯದ ಶೇ 75 ಆ ಮೂರು ದೇಶಗಳದ್ದಾಗಿರಬೇಕು. ಹಾಗಾಗಿ ಮೆಕ್ಸಿಕೊದ ಕಾರ್ಖಾನೆ ಹೊರಗಿನ ಎರಕಕ್ಕಿಂತ ಅಲ್ಲಿನದ್ದನ್ನೇ ಮೊದಲು ಕೇಳುತ್ತದೆ. ರಫ್ತು ಆರ್ಡರ್ ಮೇಲೆ ನಿಂತ ಘಟಕದವರು ಇದನ್ನು ತಪ್ಪದೆ ನೋಡಬೇಕು.

ಕೆಲಸದ ಸ್ಥಿತಿ ಕೆಡುವುದು ಕೆಲಸ ಹೋಗುವುದಕ್ಕಿಂತ ಮೊದಲೇ. ಗ್ರಾಹಕ ಕಂಪನಿ ಆಮದಿನ ದರ ತೋರಿಸಿ ರೇಟು ಇಳಿಸಲು ಹೇಳುತ್ತದೆ. ಉಕ್ಕು, ಕರೆಂಟಿನ ಬಿಲ್ ಮಾಲೀಕರ ಕೈಯಲ್ಲಿಲ್ಲ, ಉಳಿಯುವುದು ಕೂಲಿಯೊಂದೇ. ಕಾಯಂನವರು ನಿವೃತ್ತರಾದ ಜಾಗಕ್ಕೆ ಗುತ್ತಿಗೆಯವರು ಬರುತ್ತಾರೆ, ಒಬ್ಬ ಆಪರೇಟರ್‌ಗೆ ಎರಡು ಮಶಿನ್ ಬೀಳುತ್ತದೆ. ಎಲ್ಲಕ್ಕಿಂತ ಅಪಾಯದ ಲಕ್ಷಣ ಪವರ್ ಪ್ರೆಸ್‌ನಲ್ಲಿ ಕಾಣುತ್ತದೆ: ಎರಡೂ ಕೈಯಿಂದ ಒತ್ತಬೇಕಾದ ಗುಂಡಿಗಳಲ್ಲಿ ಒಂದನ್ನು ಟೇಪಿನಿಂದ ಬಿಗಿದು, ಇನ್ನೊಂದು ಕೈಯಿಂದ ಹಾಳೆ ತಳ್ಳುವುದು. ಪ್ರತಿ ತುಂಡಿಗೆ ಒಂದೆರಡು ಸೆಕೆಂಡು ಉಳಿಯುತ್ತದೆ, ಬೆರಳು ಹೋಗುತ್ತದೆ. ಅಂಥ ಪ್ರೆಸ್ಸಿನಲ್ಲಿ ಕೂರಬೇಡಿ. ದಿನಾಂಕ, ಮಶಿನ್ ನಂಬರ್ ಬರೆದು ಸುಪರ್‌ವೈಸರ್‌ಗೆ ಕೊಡಿ, ಪ್ರತಿ ನಿಮ್ಮಲ್ಲಿರಲಿ. ಸರಿಯಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ದೂರು ಕೊಡಿ.

ಕಾಗದಪತ್ರ ಈಗಲೇ ಜೋಡಿಸಿ: ನೇಮಕಾತಿ ಪತ್ರ, ಪಗಾರ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಸಂಖ್ಯೆ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಮುಖ್ಯ ಕಂಪನಿಯೂ ಹೊಣೆ. ಪ್ರತಿ ತಿಂಗಳು ಪಾಸ್‌ಬುಕ್ ತೆರೆದು ನೋಡದವರಿಗೆ ಬಾಕಿ ಗೊತ್ತಾಗುವುದು ಕೆಲಸ ಬಿಟ್ಟ ಮೇಲೆಯೇ. ಓವರ್‌ಟೈಮ್‌ಗೆ ದುಪ್ಪಟ್ಟು ದರ ಸಿಗಬೇಕು, ಬಂದ ಮತ್ತು ಹೋದ ಹೊತ್ತನ್ನು ನೀವೇ ಬರೆದಿಡಿ.

ಸಂಖ್ಯೆ ಕಡಿಮೆ ಮಾಡಲೆಂದು ನಿಮ್ಮನ್ನು ತೆಗೆದರೆ, ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರ. ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ಮೊತ್ತ, ಬೇರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,000 ರೂಪಾಯಿ, ಸೇವೆ 9 ವರ್ಷ ಎಂದರೆ 16,000 × 15 ÷ 26 × 9, ಅಂದರೆ ಸುಮಾರು 83,077 ರೂಪಾಯಿ. ‘ರಾಜೀನಾಮೆ ಬರೆದುಕೊಡಿ, ಲೆಕ್ಕ ಮಾಡಿ ಕೊಡುತ್ತೇವೆ’ ಎಂದರೆ ಸಹಿ ಹಾಕಬೇಡಿ: ರಾಜೀನಾಮೆ ಕೊಟ್ಟವರಿಗೆ ಮೇಲೆ ಹೇಳಿದ 15 ದಿನದ ಲೆಕ್ಕದ ಪರಿಹಾರ ಸಿಗುವುದಿಲ್ಲ. ಗ್ರಾಚ್ಯುಟಿ 30 ದಿನದೊಳಗೆ ಬಾರದಿದ್ದರೆ ಬಡ್ಡಿ ಸಮೇತ ಕೇಳಲು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ.